ಪಾರ್ಕರ್ ಶಿಖರ, ಮಹಾಂತಪ್ಪ ಗೋಪುರ

1955ರಲ್ಲಿ ಚಾರ್ಲಿ ಪಾರ್ಕರ್ ತೀರಿಕೊಂಡಾಗ ಅವರಿಗೆ ಕೇವಲ 34 ವರ್ಷ. ‘ಬರ್ಡ್’ ಎಂದೇ ಹೆಸರಾಗಿದ್ದ ಅವರ ಸ್ಯಾಕ್ಸೋಫೋನ್ ಎಷ್ಟು ಆವರಿಸಿಕೊಂಡಿತ್ತೆಂದರೆ, ನಂತರದವರಿಗೆ ಅವರನ್ನು ಅನುಕರಿಸುವುದು ಸುಲಭ, ಬಿಡುವುದು ಕಷ್ಟ.

ಈ ಕಷ್ಟವನ್ನು ಎದುರಿಸಿದವರಲ್ಲಿ ರುದ್ರೇಶ್ ಮಹಾಂತಪ್ಪ ಒಬ್ಬರು. ಕರ್ನಾಟಕ ಮೂಲದ ಭೌತವಿಜ್ಞಾನ ಪ್ರಾಧ್ಯಾಪಕರ ಮಗ. ಬೆಳೆದದ್ದು ಅಮೆರಿಕದ ಕೊಲೊರಾಡೊದಲ್ಲಿ. ಹುಡುಗನಾಗಿದ್ದಾಗಲೇ ಪಾರ್ಕರ್ ಹುಚ್ಚು ಹಿಡಿಯಿತು. ಭಾರತೀಯ ಹೆಸರಿದ್ದರೂ ಭಾರತೀಯ ಸಂಗೀತದ ಪಾಠ ಆಗಿರಲಿಲ್ಲ. ಅಣ್ಣ ತಮಾಷೆಗೆಂದು ಕೊಟ್ಟ ಕದ್ರಿ ಗೋಪಾಲನಾಥರ ಆಲ್ಬಮ್ ಕೇಳಿ ಬೆರಗಾದರು. ನಾಗಸ್ವರದ ಮನೆತನದ ಕದ್ರಿಯವರು ಸ್ಯಾಕ್ಸೋಫೋನ್‌ನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿದ್ದರು. 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ತಂದರು. ಹೆಸರಿನ ಅರ್ಥ, ಬಂಧುಗಳು.

2015ರ ‘ಬರ್ಡ್ ಕಾಲ್ಸ್’ನಲ್ಲಿ ಮಹಾಂತಪ್ಪ ಪಾರ್ಕರ್ ಕಡೆಗೆ ಮರಳಿದರು. ಆದರೆ ಅಲ್ಲಿ ಪಾರ್ಕರ್ ಕೃತಿ ಒಂದೂ ಇದ್ದಂತೆ ಕೇಳಿಸುವುದಿಲ್ಲ. ಒಂದರ ಲಯವನ್ನು ಉಳಿಸಿಕೊಂಡು ಸ್ವರ ಬದಲಿಸುವುದು, ಇನ್ನೊಂದರ ತುಣುಕನ್ನು ಬೀಜವಾಗಿಸಿ ಬೆಳೆಸುವುದು ಅವರ ರೀತಿ. ‘ನೌ ಈಸ್ ದ ಟೈಮ್’ (ಈಗಲೇ ಸಮಯ) ಇಲ್ಲಿ ‘ಮೇಬಿ ಲೇಟರ್’ (ಆಮೇಲೆ ನೋಡೋಣ) ಆಗಿದೆ. ‘ಸ್ಟೀಪಲ್‌ಚೇಸ್’ನಲ್ಲಿದ್ದ ಸ್ಟೀಪಲ್, ಅಂದರೆ ಚರ್ಚಿನ ಶಿಖರ, ‘ಗೋಪುರಂ’ ಆಗಿದೆ.

ಇದನ್ನು ಅಪಚಾರ ಎನ್ನಲಾಗದು. ‘ಹೌ ಹೈ ದ ಮೂನ್’ ಎಂಬ ಜನಪ್ರಿಯ ಹಾಡಿನ ಸ್ವರಮೇಳದ ಚೌಕಟ್ಟಿನ ಮೇಲೆಯೇ ‘ಆರ್ನಿಥಾಲಜಿ’ ಎಂಬ ಹೊಸ ಕೃತಿ ನಿಂತಿತ್ತು. ಪಾರ್ಕರ್ ಅದನ್ನು ನುಡಿಸಿ ತಮ್ಮದಾಗಿಸಿಕೊಂಡಿದ್ದರು. ಹಳೆಯ ತಳಪಾಯ, ಹೊಸ ಮನೆ: ಅದು ಅವರ ಕಾಲದ ಪದ್ಧತಿಯೇ. ಮಹಾಂತಪ್ಪ ಗುರುವಿನ ಸ್ವರಗಳನ್ನು ಬಿಟ್ಟರು, ಗುರುವಿನ ದಾರಿಯನ್ನು ಬಿಡಲಿಲ್ಲ.