ಏರ್‌ಪೋರ್ಟ್‌ನಿಂದ ಊರಿಗೆ ಒಂದೇ ರೇಟು: ಆ ಗೆರೆ ಎಲ್ಲಿ ಬಿತ್ತು?

ಇವತ್ತಿನ ಕಥೆ ರಾಜರದ್ದಲ್ಲ, ಯುದ್ಧದ್ದಲ್ಲ. ಟ್ಯಾಕ್ಸಿ ಬಾಡಿಗೆಯದ್ದು.

ಹೊಸ ಊರು, ರಾತ್ರಿ ಹನ್ನೊಂದು ಗಂಟೆ, ಫ್ಲೈಟ್ ಇಳಿದು ಹೊರಗೆ ಬಂದಿದ್ದೀರಿ. ಯಾವ ದಾರಿ ಹತ್ತಿರ, ಯಾವುದು ಸುತ್ತು ಅಂತ ನಿಮಗೆ ಗೊತ್ತಿಲ್ಲ. ಡ್ರೈವರ್‌ಗೆ ಗೊತ್ತು. 1891ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬ್ರೂನ್ ಟ್ಯಾಕ್ಸಿಮೀಟರ್ ಕಂಡುಹಿಡಿದ ಮೇಲೆ ಚೌಕಾಸಿ ಕಡಿಮೆ ಆಯ್ತು, ನಿಜ. ಆದರೆ ಮೀಟರ್ ಎಷ್ಟು ದೂರ ಅಂತ ಎಣಿಸುತ್ತೆ, ಆ ದೂರ ಬೇಕಿತ್ತಾ ಅಂತ ಕೇಳಲ್ಲ. ಊರಿಗೆ ಹೊಸಬರು ಮೋಸ ಹೋಗ್ತಿದ್ದದ್ದು ಇಲ್ಲೇ.

ಇದಕ್ಕೆ ನ್ಯೂಯಾರ್ಕ್ 1996ರಲ್ಲಿ ಒಂದು ಉಪಾಯ ಮಾಡಿತು. ಜೆಎಫ್‌ಕೆ ವಿಮಾನ ನಿಲ್ದಾಣದಿಂದ ಮ್ಯಾನ್‌ಹ್ಯಾಟನ್‌ನ ಯಾವ ಮೂಲೆಗೆ ಹೋದರೂ ಹಳದಿ ಟ್ಯಾಕ್ಸಿಗೆ 30 ಡಾಲರ್. ಟೋಲ್, ಟಿಪ್ಸ್ ಬೇರೆ. 2004ರಲ್ಲಿ ಅದು 45 ಆಯ್ತು, 2012ರಲ್ಲಿ 52, 2022ರಲ್ಲಿ 70. ಸುತ್ತು ಹೊಡೆಸಿದರೆ ಈಗ ಡ್ರೈವರ್‌ಗೇ ನಷ್ಟ. ಟ್ರಾಫಿಕ್‌ನಲ್ಲಿ ಎರಡು ಗಂಟೆ ಸಿಕ್ಕಿಕೊಂಡರೆ ಆ ನಷ್ಟವೂ ಅವನದೇ, ಇದನ್ನು ಮಾತ್ರ ಯಾರೂ ಹೇಳಲ್ಲ! ಗಂಟೆಗಟ್ಟಲೆ ಕ್ಯೂನಲ್ಲಿ ಕಾದವನಿಗೆ ಪಕ್ಕದ ಏರಿಯಾದ ಸಣ್ಣ ಬಾಡಿಗೆ ಬಿದ್ದರೆ? ಅವನು ಬೇಗ ಬಿಟ್ಟು ಬಂದು ಕ್ಯೂನಲ್ಲಿ ಮುಂದೆ ನಿಲ್ಲೋದಕ್ಕೆ ಒಂದು ಚೀಟಿ ಕೊಡೋ ಪದ್ಧತಿ ಬಂತು. ಅದರ ಹೆಸರು ‘ಶಾರ್ಟಿ’.

ಆದರೆ ಜೆಎಫ್‌ಕೆ ಇರೋದು ಕ್ವೀನ್ಸ್‌ನಲ್ಲಿ. ಅದೇ ಕ್ವೀನ್ಸ್‌ನವರು, ಪಕ್ಕದ ಬ್ರೂಕ್ಲಿನ್‌ನವರು ಮನೆಗೆ ಹೋಗಬೇಕಾದರೆ ಮೀಟರ್. ಒಂದೇ ರೇಟು ಅಂದ ತಕ್ಷಣ ಒಂದು ಗೆರೆ ಎಳೆಯಲೇಬೇಕು. ಇದು ಊರು, ಅದು ಊರಾಚೆ ಅಂತ. ನನಗೆ ಕುತೂಹಲ ಇರೋದು ಆ ಗೆರೆ ಬಗ್ಗೆ.

ಪ್ಯಾರಿಸ್‌ಗೆ ಗೆರೆ ಹುಡುಕೋ ಕಷ್ಟ ಇರಲಿಲ್ಲ, ಸೇನ್ ನದಿ ಇತ್ತಲ್ಲ. 2016ರ ಮಾರ್ಚ್ 1ರಿಂದ ಉತ್ತರದ ಶಾರ್ಲ್ ದ ಗೋಲ್ ನಿಲ್ದಾಣದಿಂದ ನದಿಯ ಬಲದಂಡೆಗೆ 50 ಯೂರೊ, ನದಿ ದಾಟಿ ಎಡದಂಡೆಗೆ 55. ದಕ್ಷಿಣದ ಓರ್ಲಿಯಿಂದ ಉಲ್ಟಾ: ಎಡದಂಡೆಗೆ 30, ಬಲದಂಡೆಗೆ 35. ಆಮೇಲೆ ರೇಟು ಏರಿದೆ, ನದಿ ಅಲ್ಲೇ ಇದೆ.

ರೋಮ್‌ದು ಇನ್ನೂ ಚೆನ್ನಾಗಿದೆ. ಅಲ್ಲಿ ಫಿಯುಮಿಚಿನೊ ನಿಲ್ದಾಣದ ಫಿಕ್ಸೆಡ್ ರೇಟು ಹಲವು ವರ್ಷ 48 ಯೂರೊ ಇತ್ತು. ಎಲ್ಲಿವರೆಗೆ? ಆರೇಲಿಯನ್ ಗೋಡೆಯ ಒಳಗಿನವರೆಗೆ. ಕ್ರಿ.ಶ. 271ರ ಹೊತ್ತಿಗೆ ಚಕ್ರವರ್ತಿ ಆರೇಲಿಯನ್ ಶತ್ರುಗಳನ್ನು ತಡೆಯೋಕೆ ಕಟ್ಟಿಸಲು ಶುರುಮಾಡಿದ, ಸುಮಾರು 19 ಕಿಲೋಮೀಟರ್ ಉದ್ದದ ಕೋಟೆ ಗೋಡೆ. ಅದು ಇವತ್ತು ಟ್ಯಾಕ್ಸಿ ಬಾಡಿಗೆ ತೀರ್ಮಾನ ಮಾಡುತ್ತೆ.

ಹಾಗಾದರೆ ನಮ್ಮ ಬೆಂಗಳೂರು? 2008ರ ಮೇ ತಿಂಗಳವರೆಗೆ ವಿಮಾನ ಇಳೀತಿದ್ದದ್ದು ಊರೊಳಗಿನ ಎಚ್‌ಎಎಲ್‌ನಲ್ಲಿ. ಆಮೇಲೆ ದೇವನಹಳ್ಳಿ, ಸುಮಾರು 35 ಕಿಲೋಮೀಟರ್. ವಾಯುವಜ್ರ ಬಸ್ಸಿನಲ್ಲಿ ಟಿಕೆಟ್ ರೇಟು ಮೊದಲೇ ಗೊತ್ತಿರುತ್ತೆ. (ಜಪಾನ್, ಕೊರಿಯಾದಲ್ಲಿ ಇಂಥ ಬಸ್ಸಿಗೇ ‘ಲಿಮೋಸಿನ್’ ಅಂತಾರೆ. ಸಿನಿಮಾದ ಉದ್ದ ಕಾರು ನೆನೆಸಿಕೊಂಡು ಹೋದವರಿಗೆ ಸ್ವಲ್ಪ ನಿರಾಸೆ.) ಟ್ಯಾಕ್ಸಿಗೆ ಮಾತ್ರ ಊರಿಗೆಲ್ಲಾ ಒಂದೇ ರೇಟು ಅನ್ನೋದು ಇಲ್ಲಿ ಕಷ್ಟ, ಯಾಕಂದರೆ ಸೆಂಟರ್ ಯಾವುದು? ಮೆಜೆಸ್ಟಿಕ್ಕಾ, ಎಂ.ಜಿ. ರೋಡಾ? ವೈಟ್‌ಫೀಲ್ಡ್‌ನ ಐಟಿಯವರಿಗೆ ಎರಡೂ ಅಲ್ಲ.

ರೋಮ್ ಥರ ಹಳೇ ಗೆರೆ ಬೇಕು ಅಂದರೆ ನಮ್ಮಲ್ಲೂ ಒಂದಿದೆ. ಊರಿನ ಎಲ್ಲೆ ಅಂತ ಕೆಂಪೇಗೌಡರ ವಂಶದವರು ಕಟ್ಟಿಸಿದರು ಅಂತ ಹೇಳೋ ನಾಲ್ಕು ಗೋಪುರಗಳು: ಲಾಲ್‌ಬಾಗ್ ಬಂಡೆ ಮೇಲೆ, ಹಲಸೂರು ಕೆರೆ ಹತ್ತಿರ, ಕೆಂಪಾಂಬುಧಿ ಕೆರೆ ಬಳಿ, ಮೇಖ್ರಿ ಸರ್ಕಲ್ ಪಕ್ಕ. ಕೆಂಪೇಗೌಡರ ಹೆಸರಿನ ಏರ್‌ಪೋರ್ಟ್‌ನಿಂದ ಊರಿಗೆ ಬರೋವಾಗ ಈ ಕೊನೇದನ್ನು ದಾಟಿಕೊಂಡೇ ಬರ್ತೀವಿ. ಆ ಗೆರೆ ಇಟ್ಟುಕೊಂಡರೆ ಚಿಕ್ಕಪೇಟೆ ಒಳಗೆ. ಲಾಲ್‌ಬಾಗ್ ದಾಟಿದ ಮೇಲೆ ಮೀಟರ್ ಹಾಕ್ತೀವಿ, ನೀವು ಊರಾಚೆ ಅಂತ ಜಯನಗರದವರಿಗೆ ಹೇಳೋದು ಯಾರು?