ವಿವಾಹಶಾಸನವೂ ಧರ್ಮದ ಆಕ್ಷೇಪವೂ: ದಕ್ಷಿಣ ಆಫ್ರಿಕದ ಒಂದು ಅಧ್ಯಾಯ

1913ರ ಮಾರ್ಚ್ ತಿಂಗಳಿನಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಅವರು ಒಂದು ತೀರ್ಪನ್ನಿತ್ತರು. ಬಹುಪತ್ನೀತ್ವಕ್ಕೆ ಎಡೆಗೊಡುವ ಧರ್ಮದ ವಿಧಿಯಂತೆ ನಡೆದ ಮದುವೆಯು ಆ ದೇಶದ ಕಾನೂನಿನ ದೃಷ್ಟಿಯಲ್ಲಿ ಮದುವೆಯೇ ಅಲ್ಲವೆಂಬುದು ಅದರ ಸಾರ. ಅಲ್ಲಿ ನೆಲಸಿದ್ದ ಹಿಂದೂ, ಮುಸಲ್ಮಾನ ಗೃಹಿಣಿಯರು ಒಂದೇ ದಿನದಲ್ಲಿ ಪತ್ನಿಯೆಂಬ ಸ್ಥಾನವನ್ನು ಕಳೆದುಕೊಂಡಂತಾಯಿತು. ಅದುವರೆಗೆ ಸತ್ಯಾಗ್ರಹಕ್ಕೆ ಇಳಿಯದಿದ್ದ ಸ್ತ್ರೀಯರು ಇದರಿಂದ ಕೆರಳಿ ಮುಂದೆ ಬಂದರು. ಕಸ್ತೂರಬಾ ಅವರೂ ಸೆರೆಮನೆಯನ್ನು ಕಂಡರು. 1914ರ ಶಾಸನವು ಭಾರತೀಯರ ಏಕಪತ್ನೀ ವಿವಾಹಗಳಿಗೆ ಮಾತ್ರ ಮಾನ್ಯತೆಯ ದಾರಿಯನ್ನು ತೆರೆಯಿತು.

ಈ ಹಳೆಯ ಸಂಗತಿಯನ್ನು ಮೊದಲಿಗೇ ಎತ್ತಿಕೊಂಡುದಕ್ಕೆ ಕಾರಣವುಂಟು. ಬಹುಜನರ ಧರ್ಮಭಾವನೆಗೆ ಒಪ್ಪಿಗೆಯಾಗದ ಮದುವೆಯನ್ನು ರಾಜ್ಯವು ಮದುವೆಯೆಂದು ಮನ್ನಿಸಬೇಕೆ ಎಂಬ ಪ್ರಶ್ನೆ ಅದೇ ನೆಲದಲ್ಲಿ ಮತ್ತೆ ಮತ್ತೆ ತಲೆಯೆತ್ತಿತು. 1949ರಲ್ಲಿ ಬಿಳಿಯರಿಗೂ ಇತರರಿಗೂ ವಿವಾಹವನ್ನು ನಿಷೇಧಿಸಿದ ಕಾಯಿದೆ ಬಂದಿತು. ಡಚ್ ರಿಫಾರ್ಮ್ಡ್ ಚರ್ಚಿನ ಪಂಡಿತರು ವರ್ಣಭೇದಕ್ಕೆ ಬೈಬಲ್ಲಿನ ಆಧಾರವನ್ನು ಹುಡುಕಿ ಕೊಟ್ಟಿದ್ದರು. ಆ ಕಾಯಿದೆ ರದ್ದಾದುದು 1985ರಲ್ಲಿ. ಇಂತಹ ಇತಿಹಾಸವುಳ್ಳ ಜನ ಶಾಸ್ತ್ರದ ಹೆಸರಿನಲ್ಲಿ ಬರುವ ನಿಷೇಧವನ್ನು ಶಂಕೆಯಿಂದ ನೋಡಿದರೆ ಅದು ಸಹಜವೇ ಸರಿ.

1996ರ ಸಂವಿಧಾನದ 9ನೆಯ ವಿಧಿಯು ಜನಾಂಗ, ಲಿಂಗ, ಧರ್ಮಗಳ ಸಾಲಿನಲ್ಲಿಯೇ ಲೈಂಗಿಕ ಒಲವನ್ನೂ ಸೇರಿಸಿ, ಅದರ ಕಾರಣದಿಂದ ಭೇದವೆಣಿಸಲಾಗದೆಂದು ವಿಧಿಸಿತು. ಇದನ್ನಾಧರಿಸಿ ಇಬ್ಬರು ಸ್ತ್ರೀಯರು ತಮ್ಮ ಸಹಜೀವನಕ್ಕೆ ವಿವಾಹದ ಮಾನ್ಯತೆಯನ್ನು ಬೇಡಿದರು. 2005ರ ಡಿಸೆಂಬರ್ 1ರಂದು ಸಂವಿಧಾನ ನ್ಯಾಯಾಲಯದ ತೀರ್ಪನ್ನು ಬರೆದವರು ಆಲ್ಬಿ ಸ್ಯಾಕ್ಸ್. ವರ್ಣಭೇದದ ವಿರುದ್ಧ ಹೋರಾಡಿ, 1988ರ ಬಾಂಬಿನಲ್ಲಿ ಬಲಗೈಯನ್ನೂ ಒಂದು ಕಣ್ಣಿನ ದೃಷ್ಟಿಯನ್ನೂ ಕಳೆದುಕೊಂಡಿದ್ದವರು. ಧರ್ಮಸಂಸ್ಥೆಗಳ ವಿಷಯದಲ್ಲಿ ಅವರದು ತಿರಸ್ಕಾರದ ಮಾತಲ್ಲ. ಕೋಟ್ಯಂತರ ಜನರ ಬಾಳಿಗೆ ಅವು ಆಧಾರವೆಂದು ಒಪ್ಪಿದರು. ಆದರೆ ಕೆಲವರ ಧರ್ಮಶ್ರದ್ಧೆಯು ಉಳಿದವರ ಸಂವಿಧಾನದತ್ತ ಹಕ್ಕನ್ನು ಅಳೆಯುವ ಮಾನದಂಡವಾಗಲಾರದೆಂದರು. ನ್ಯೂನತೆಯನ್ನು ತಿದ್ದಲು ಸಂಸತ್ತಿಗೆ ಒಂದು ವರ್ಷದ ಅವಧಿ ದೊರೆಯಿತು. ನ್ಯಾಯಮೂರ್ತಿ ಓರೀಗನ್ ಅವರಿಗೆ ಆ ಕಾಯುವಿಕೆಯೂ ಸಮ್ಮತವಿರಲಿಲ್ಲ. (ನಮ್ಮ ಸರ್ವೋಚ್ಚ ನ್ಯಾಯಾಲಯವಾದರೋ 2023ರ ಅಕ್ಟೋಬರ್ 17ರಂದು ಇಂತಹ ವಿವಾಹಕ್ಕೆ ಮಾನ್ಯತೆ ಕೊಡುವುದು ಶಾಸಕಾಂಗದ ಕೆಲಸವೆಂದು ಬಿಟ್ಟುಕೊಟ್ಟಿತು.)

2006ರ ನವೆಂಬರ್ 30ರಂದು ಜಾರಿಗೆ ಬಂದ ಸಿವಿಲ್ ಯೂನಿಯನ್ ಕಾಯಿದೆಯ ರಚನೆ ವಿಚಾರಾರ್ಹವಾಗಿದೆ. ಯಾವ ಧರ್ಮಸಂಸ್ಥೆಯನ್ನೂ ಅದು ಬಲಾತ್ಕರಿಸಲಿಲ್ಲ. ಇಂತಹ ಮದುವೆಗಳನ್ನು ನೆರವೇರಿಸಲು ಇಚ್ಛಿಸುವ ಸಂಸ್ಥೆ ತಾನಾಗಿ ಅರ್ಜಿ ಸಲ್ಲಿಸಬೇಕು, ಇಚ್ಛಿಸದಿದ್ದರೆ ಸುಮ್ಮನಿರಬಹುದು. ಇಲ್ಲಿಯವರೆಗೆ ತಕರಾರಿಲ್ಲ. ಆದರೆ 6ನೆಯ ಪ್ರಕರಣವು ಸರಕಾರಿ ವಿವಾಹಾಧಿಕಾರಿಗೂ, ತನ್ನ ಅಂತಃಸಾಕ್ಷಿ ಒಪ್ಪದೆಂದು ಮಂತ್ರಿಗೆ ಬರೆದು ತಿಳಿಸಿ, ಸಲಿಂಗ ದಂಪತಿಗಳನ್ನು ಹಿಂದಕ್ಕೆ ಕಳುಹಿಸುವ ಅವಕಾಶವನ್ನಿತ್ತಿತು. ಕಾಲಕ್ರಮದಲ್ಲಿ ಅಧಿಕಾರಿಗಳಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕವರು ಈ ವಿನಾಯಿತಿಯನ್ನು ಪಡೆದರು. ದೂರದ ಊರಿನ ಒಂದೇ ಕಚೇರಿಯಲ್ಲಿ ಇರುವ ಅಧಿಕಾರಿಯೇ ಒಲ್ಲೆನೆಂದರೆ, ಕಾಯಿದೆಯಲ್ಲಿ ಬರೆದ ಹಕ್ಕು ಆ ಊರಿನವರಿಗೆ ಏನಾಗಿ ಉಳಿಯಿತು? 2020ರ ತಿದ್ದುಪಡಿಯು ಈ ಪ್ರಕರಣವನ್ನು ಕಿತ್ತುಹಾಕಿತು.

ಇದು ಯುಕ್ತವೆಂದೇ ನನ್ನ ಅಭಿಪ್ರಾಯ. ಧರ್ಮಪೀಠದ ಮುಂದೆ ನಿಂತು ಆಶೀರ್ವದಿಸುವವನು ತನ್ನ ನಂಬಿಕೆಯನ್ನು ಸಾರುತ್ತಾನೆ. ಆತನ ಬಾಯಿಂದ ಒಲ್ಲದ ಮಾತನ್ನು ಆಡಿಸುವುದು ಯಾವ ಪ್ರಭುತ್ವಕ್ಕೂ ತಕ್ಕುದಲ್ಲ. ದಫ್ತರಿನಲ್ಲಿ ಹೆಸರು ಬರೆದು ಮುದ್ರೆಯೊತ್ತುವವನು ಆಶೀರ್ವದಿಸುತ್ತಿಲ್ಲ. ಎಲ್ಲರ ತೆರಿಗೆಯಿಂದ ವೇತನ ಪಡೆಯುವ ಆತನ ಮೇಜಿನ ಮುಂದೆ ಬಂದವರೆಲ್ಲ ಸಮಾನರು.

ಆದರೂ ಗೆರೆ ಎಲ್ಲೆಡೆ ಇಷ್ಟು ಸ್ಪಷ್ಟವಾಗಿಲ್ಲ. ಡಚ್ ರಿಫಾರ್ಮ್ಡ್ ಚರ್ಚಿನ ಮಹಾಸಭೆಯು 2015ರಲ್ಲಿ ಸಲಿಂಗ ಸಂಬಂಧಗಳಿಗೆ ಮನ್ನಣೆಯಿತ್ತು, ಮರುವರ್ಷವೇ ಹಿಂದೆಗೆಯಿತು. ಚರ್ಚಿನವರೇ ಕೆಲವರು ದಾವೆ ಹೂಡಲು, 2019ರಲ್ಲಿ ಪ್ರಿಟೋರಿಯದ ಉಚ್ಚ ನ್ಯಾಯಾಲಯವು ಆ ಹಿಂದೆಗೆತವು ಅಸಿಂಧುವೆಂದು ಸಾರಿತು. ಸಭೆಯು ತನ್ನದೇ ನಡಾವಳಿಯನ್ನು ಮೀರಿದ್ದರೆ ತಿದ್ದುವುದು ನ್ಯಾಯ. ಆದರೆ ತೀರ್ಪು ಅಲ್ಲಿಗೆ ನಿಲ್ಲದೆ ನಿರ್ಣಯದಲ್ಲಿಯೇ ಅನ್ಯಾಯದ ಭೇದವನ್ನು ಕಂಡಿತು. ಸಿದ್ಧಾಂತದ ಒಳಮನೆಗೆ ನ್ಯಾಯಾಧೀಶನು ಪ್ರವೇಶಿಸಿದಾಗ ನನ್ನ ಮನಸ್ಸು ಹಿಂಜರಿಯುತ್ತದೆ. ಆ ತೀರ್ಪಿನಿಂದ ನೆಮ್ಮದಿ ಕಂಡವರ ನೋವನ್ನು ಬಲ್ಲೆನಾದರೂ ಹಿಂಜರಿಯುತ್ತದೆ.

ಇನ್ನು ಸರ್ಲ್ ಅವರ ತೀರ್ಪಿನಿಂದ ನೊಂದವರ ಮಾತು. ಸಲಿಂಗ ದಂಪತಿಗಳಿಗೆ 2006ರಲ್ಲಿಯೇ ದೊರೆತ ಮಾನ್ಯತೆ ಇಸ್ಲಾಮಿನ ವಿಧಿಯಂತೆ ಮಾತ್ರ ನಡೆದ ಮದುವೆಗಳಿಗೆ ಆಗಲೂ ಪೂರ್ಣವಾಗಿ ದೊರೆತಿರಲಿಲ್ಲ. ಅವುಗಳನ್ನು ಹೊರಗಿಟ್ಟ ವಿವಾಹ ಮತ್ತು ವಿಚ್ಛೇದನ ಕಾಯಿದೆಗಳು ಸಂವಿಧಾನಬಾಹಿರವೆಂದು ಅದೇ ನ್ಯಾಯಾಲಯವು ಸಾರಿದ್ದು 2022ರ ಜೂನ್ 28ರಂದು, ಮೊದಲಿನ ತೀರ್ಪಿಗೆ 109 ವರ್ಷಗಳು ತುಂಬಿದ ಬಳಿಕ.