ನಗರ ಉದ್ಯಾನವನಗಳು: ವಿನ್ಯಾಸ, ನಿರ್ವಹಣೆ ಮತ್ತು ನಾಗರಿಕರ ಪಾತ್ರ
(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಬಡಾವಣೆಯ ಅನುಮೋದಿತ ನಕ್ಷೆಯಲ್ಲಿ ಉದ್ಯಾನವನವೆಂದು ಗುರುತಿಸಲಾದ ಜಾಗವು ಸಾರ್ವಜನಿಕ ಸ್ವತ್ತಾಗಿರುತ್ತದೆ. ಅಲ್ಲಿ ನಿವೇಶನ ಹೊಂದಿರುವವರಿಗೆ ಇರುವಷ್ಟೇ ಹಕ್ಕು ಅದೇ ಬೀದಿಯಲ್ಲಿ ಬಾಡಿಗೆಗಿರುವವರಿಗೆ, ಮನೆಕೆಲಸಕ್ಕೆ ಬರುವವರಿಗೆ ಹಾಗೂ ದಾರಿಹೋಕರಿಗೂ ಇದೆ. ಆದರೆ ಹಕ್ಕು ಇದ್ದ ಮಾತ್ರಕ್ಕೆ ಬಳಕೆ ಸಾಧ್ಯವಾಗುವುದಿಲ್ಲ. ಕಿರಿದಾದ ಗೇಟು, ನೆರಳಿಲ್ಲದ ನಡಿಗೆ ಪಥ, ಶೌಚಾಲಯದ ಅಭಾವ, ಹೊತ್ತಲ್ಲದ ಹೊತ್ತಿನಲ್ಲಿ ಹಾಕುವ ಬೀಗ, ಇವುಗಳಲ್ಲಿ ಯಾವುದೊಂದು ಇದ್ದರೂ ಹಲವರು ಹೊರಗುಳಿಯುತ್ತಾರೆ.

ಉದ್ಯಾನವನಕ್ಕೆ ಯಾರು ಬರಬಲ್ಲರು ಹಾಗೂ ಅದು ಎಷ್ಟು ವರ್ಷ ಹಸಿರಾಗಿ ಉಳಿಯಬಲ್ಲದು ಎಂಬ ಎರಡೂ ಸಂಗತಿಗಳು ಬಹುಮಟ್ಟಿಗೆ ವಿನ್ಯಾಸದ ಹಂತದಲ್ಲಿಯೇ ತೀರ್ಮಾನವಾಗುತ್ತವೆ. ಕಾಮಗಾರಿ ಮುಗಿದ ಬಳಿಕ ಬರುವ ಮನವಿಗಳನ್ನು ಈಡೇರಿಸಲು ಕಟ್ಟಿದ್ದನ್ನು ಒಡೆಯಬೇಕಾಗುತ್ತದೆ. ಆದ್ದರಿಂದ ನಾಗರಿಕರು ಅಂದಾಜುಪಟ್ಟಿ ಸಿದ್ಧವಾಗುವ ಮುನ್ನವೇ ತಮ್ಮ ಸಲಹೆಗಳನ್ನು ಲಿಖಿತವಾಗಿ ಸಲ್ಲಿಸುವುದು ಸೂಕ್ತ. ಅದಕ್ಕೆ ನೆರವಾಗುವ ಮಾಹಿತಿಯನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

2. ಹಿನ್ನೆಲೆ

ನಮ್ಮ ನಾಡಿಗೆ ಸಾರ್ವಜನಿಕ ನೆರಳಿನ ಕಲ್ಪನೆ ಹೊಸದಲ್ಲ. ಹಳೆಯ ಮೈಸೂರು ಪ್ರಾಂತ್ಯದ ಹಳ್ಳಿಗಳ ಅಂಚಿನಲ್ಲಿದ್ದ ಗುಂಡುತೋಪುಗಳಲ್ಲಿ ಮಾವು, ಹಲಸು, ಹುಣಸೆ, ನೇರಳೆ ಮುಂತಾದ ಮರಗಳನ್ನು ಬೆಳೆಸಲಾಗುತ್ತಿತ್ತು. ದಾರಿಹೋಕರು, ದನಗಾಹಿಗಳು, ಆಡುವ ಮಕ್ಕಳು ಎಲ್ಲರೂ ಅವನ್ನು ಬಳಸುತ್ತಿದ್ದರು. ಊರ ನಡುವಿನ ಅರಳಿಕಟ್ಟೆಯೂ ಅಂತಹುದೇ. ನಗರಗಳು ಬೆಳೆದಂತೆ ಅನೇಕ ಗುಂಡುತೋಪುಗಳು ಕಣ್ಮರೆಯಾದವು.

ಬೆಂಗಳೂರಿನ ಲಾಲ್‌ಬಾಗ್ ಹೈದರಾಲಿಯ ಕಾಲದಲ್ಲಿ, 1760ರಲ್ಲಿ ಆರಂಭವಾಗಿ ಇಂದು ಸುಮಾರು 240 ಎಕರೆ ವಿಸ್ತೀರ್ಣ ಹೊಂದಿದೆ. ಕಬ್ಬನ್ ಪಾರ್ಕ್ 1870ರಲ್ಲಿ ರೂಪುಗೊಂಡಿತು. ಇಂತಹ ದೊಡ್ಡ ಉದ್ಯಾನಗಳು ನಗರದ ಹೆಮ್ಮೆ ನಿಜ. ಆದರೆ ದಿನನಿತ್ಯದ ಆರೋಗ್ಯದ ದೃಷ್ಟಿಯಿಂದ ಮನೆಯಿಂದ ನಡೆದು ತಲುಪಬಹುದಾದ ಸಣ್ಣ ಉದ್ಯಾನವೇ ಮುಖ್ಯ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ಹಾಗೂ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಆಟೋಟಗಳಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಹಣ ತೆತ್ತು ವ್ಯಾಯಾಮಶಾಲೆಗೆ ಹೋಗಲಾಗದ ಕುಟುಂಬಗಳಿಗೆ ಇದನ್ನು ಪಾಲಿಸಲು ಬಡಾವಣೆಯ ಉದ್ಯಾನವೇ ಆಸರೆ.

3. ಎಷ್ಟು ಜಾಗ ಇರಬೇಕು

ಕೇಂದ್ರ ನಗರಾಭಿವೃದ್ಧಿ ಮಂತ್ರಾಲಯವು 2014ರಲ್ಲಿ ಪ್ರಕಟಿಸಿದ ನಗರ ಯೋಜನಾ ಮಾರ್ಗಸೂಚಿಯಲ್ಲಿ ತಲಾ 10ರಿಂದ 12 ಚದರ ಮೀಟರ್ ತೆರೆದ ಪ್ರದೇಶವಿರಬೇಕೆಂದು ಸೂಚಿಸಲಾಗಿದೆ. ಸುಮಾರು 5,000 ಜನಸಂಖ್ಯೆಗೆ ಅರ್ಧ ಹೆಕ್ಟೇರಿನ ಒಂದು ಉದ್ಯಾನ ಹಾಗೂ 15,000 ಜನಸಂಖ್ಯೆಗೆ ಒಂದು ಹೆಕ್ಟೇರಿನ ಒಂದು ಉದ್ಯಾನ ಎಂಬುದು ಅದರಲ್ಲಿನ ಲೆಕ್ಕಾಚಾರ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1976ರಂತೆ ಪ್ರಾಧಿಕಾರವು ರೂಪಿಸುವ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇ. 15ರಷ್ಟನ್ನು ಉದ್ಯಾನವನ ಹಾಗೂ ಆಟದ ಮೈದಾನಗಳಿಗೆ ಮೀಸಲಿರಿಸತಕ್ಕದ್ದು. ಇತರೆ ನಗರಗಳಲ್ಲಿ ಹಾಗೂ ಖಾಸಗಿ ಬಡಾವಣೆಗಳಲ್ಲಿ ಬಿಡಬೇಕಾದ ಪ್ರಮಾಣವನ್ನು ಆಯಾ ಯೋಜನಾ ಪ್ರಾಧಿಕಾರದ ಮಹಾಯೋಜನೆಯ ವಲಯ ನಿಯಮಾವಳಿಗಳಲ್ಲಿ ಪರಿಶೀಲಿಸಬಹುದಾಗಿದೆ. ನಿವೇಶನ ಖರೀದಿಸುವವರು ಮಾರಾಟಗಾರರ ಕರಪತ್ರದಲ್ಲಿನ ಚಿತ್ರವನ್ನು ನಂಬದೆ, ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಯಲ್ಲಿ ಉದ್ಯಾನದ ಸ್ಥಳ ಹಾಗೂ ಅಳತೆಗಳನ್ನು ಖಚಿತಪಡಿಸಿಕೊಳ್ಳುವುದು ಒಳಿತು.

4. ಕಾನೂನಿನ ರಕ್ಷಣೆ

ಕರ್ನಾಟಕ ಉದ್ಯಾನವನಗಳು, ಆಟದ ಮೈದಾನಗಳು ಮತ್ತು ಬಯಲು ಪ್ರದೇಶಗಳ (ಸಂರಕ್ಷಣೆ ಮತ್ತು ನಿಯಂತ್ರಣ) ಅಧಿನಿಯಮ, 1985ರ ಮೇರೆಗೆ ಇಂತಹ ಸ್ಥಳಗಳ ಪಟ್ಟಿಯನ್ನು ಸ್ಥಳೀಯ ಪ್ರಾಧಿಕಾರಗಳು ಸಿದ್ಧಪಡಿಸತಕ್ಕದ್ದು. ಅವುಗಳನ್ನು ಅನ್ಯ ಉದ್ದೇಶಕ್ಕೆ ಬಳಸುವುದನ್ನು ಈ ಅಧಿನಿಯಮವು ನಿರ್ಬಂಧಿಸುತ್ತದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14-ಎ ಪ್ರಕರಣದಡಿ ಭೂ ಉಪಯೋಗ ಬದಲಾವಣೆ ಕೋರಿದಾಗ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಬೇಕಾಗುತ್ತದೆ. ಆಕ್ಷೇಪಣೆಗೆ ನೀಡಿದ ಕಾಲಾವಕಾಶವು ಪತ್ರಿಕಾ ಪ್ರಕಟಣೆಯಲ್ಲಿಯೇ ನಮೂದಾಗಿರುತ್ತದೆ.

ಈ ವಿಷಯದಲ್ಲಿ ದೇಶಕ್ಕೇ ಮಾರ್ಗದರ್ಶಿಯಾದ ತೀರ್ಪು ಬೆಂಗಳೂರಿನದೇ ಒಂದು ಉದ್ಯಾನಕ್ಕೆ ಸಂಬಂಧಿಸಿದ್ದು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನವನಕ್ಕೆಂದು ಮೀಸಲಾಗಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟ್ ಒಂದಕ್ಕೆ ಹಂಚಿಕೆ ಮಾಡಲಾಗಿತ್ತು. ನಿವಾಸಿಗಳು ಉಚ್ಚ ನ್ಯಾಯಾಲಯದ ಮೊರೆಹೋದರು. ಏಕಸದಸ್ಯ ಪೀಠದಲ್ಲಿ ಸೋತರೂ ವಿಭಾಗೀಯ ಪೀಠದಲ್ಲಿ ಅವರ ವಾದಕ್ಕೆ ಮನ್ನಣೆ ದೊರೆಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿವಾಸಿಗಳ ಪರವಾಗಿ ತೀರ್ಪು ನೀಡಿತು. ಆಸ್ಪತ್ರೆಯೂ ಸಮಾಜಕ್ಕೆ ಬೇಕಾದದ್ದೇ ಎಂಬುದು ನಿಜವಾದರೂ, ಉದ್ಯಾನಕ್ಕೆ ಮೀಸಲಿರಿಸಿದ ಜಾಗವನ್ನು ಅದಕ್ಕಾಗಿ ಖಾಸಗಿ ಸಂಸ್ಥೆಗೆ ಕೊಡಲು ಆ ಕಾರಣ ಸಾಲದು ಎಂಬುದು ಈ ತೀರ್ಪಿನಿಂದ ಸ್ಪಷ್ಟವಾಯಿತು. ಇಂತಹ ಕ್ರಮವನ್ನು ಪ್ರಶ್ನಿಸುವ ಹಕ್ಕು ಸ್ಥಳೀಯ ನಿವಾಸಿಗಳಿಗೆ ಇದೆ ಎಂಬುದೂ ದೃಢಪಟ್ಟಿತು.

5. ಎಲ್ಲರಿಗೂ ಪ್ರವೇಶ: ವಿನ್ಯಾಸದಲ್ಲಿ ಗಮನಿಸಬೇಕಾದ ಅಂಶಗಳು

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸುತ್ತದೆ. ಇದಕ್ಕೆ ಪೂರಕವಾಗಿ ಕೇಂದ್ರ ಸರ್ಕಾರವು 2021ರಲ್ಲಿ ಪರಿಷ್ಕೃತ ಮಾರ್ಗಸೂಚಿಗಳನ್ನು ಹೊರಡಿಸಿದೆ. ಉದ್ಯಾನದ ನಕ್ಷೆಯನ್ನು ನೋಡುವಾಗ ನಾಗರಿಕರು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸಬಹುದು.

ಅ) ಗೇಟು: ಜಾನುವಾರು ಹಾಗೂ ದ್ವಿಚಕ್ರ ವಾಹನಗಳನ್ನು ತಡೆಯಲು ಹಾಕುವ ಸುತ್ತುಗೇಟಿನಲ್ಲಿ ಗಾಲಿಕುರ್ಚಿಯೂ ಮಕ್ಕಳ ತಳ್ಳುಗಾಡಿಯೂ ಹೋಗಲಾರವು. ಅಂತಹ ಕಡೆ ಕನಿಷ್ಠ 900 ಮಿ.ಮೀ. ತೆರವಿರುವ ಇನ್ನೊಂದು ಗೇಟು ಪಕ್ಕದಲ್ಲಿಯೇ ಇರಬೇಕು ಮತ್ತು ಅದಕ್ಕೆ ಬೀಗ ಹಾಕಿರಬಾರದು.

ಆ) ರ‍್ಯಾಂಪ್: ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ 45 ಸೆಂ.ಮೀ. ಎತ್ತರದ ಮೆಟ್ಟಿಲುಗಳ ಬದಲಿಗೆ ಕನಿಷ್ಠ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಜಾಗವಿಲ್ಲವೆಂದು ಕಡಿದಾಗಿ ಕಟ್ಟಿದ ರ‍್ಯಾಂಪ್ ಅಪಾಯಕಾರಿ.

ಇ) ನಡಿಗೆ ಪಥ: ಎದುರುಬದುರಾಗಿ ಬರುವವರು ಸರಾಗವಾಗಿ ದಾಟುವಷ್ಟು ಅಗಲವಿರಬೇಕು. ಗಾಲಿಕುರ್ಚಿ ತಿರುಗಲು 1,500 ಮಿ.ಮೀ. ಜಾಗ ಬೇಕು. ಮಳೆಯಲ್ಲಿ ಜಾರುವ ನುಣುಪು ಹಾಸುಗಲ್ಲು ವೃದ್ಧರಿಗೆ ಒಳ್ಳೆಯದಲ್ಲ.

ಈ) ಆಸನ: ಕೆಲವು ಬೆಂಚುಗಳಿಗಾದರೂ ಬೆನ್ನೊರಗು ಮತ್ತು ಕೈಪಿಡಿ ಇರಬೇಕು. ಮಂಡಿನೋವಿರುವವರು ಏಳಲು ಕೈಪಿಡಿಯೇ ಆಧಾರ. ಬೆಂಚುಗಳು ಮರದ ನೆರಳಿನಲ್ಲಿ, ಸ್ವಲ್ಪ ಸ್ವಲ್ಪ ದೂರಕ್ಕೊಂದರಂತೆ ಇರುವುದು ಸೂಕ್ತ.

ಉ) ಶೌಚಾಲಯ ಮತ್ತು ಕುಡಿಯುವ ನೀರು: ಇವು ಇಲ್ಲದಿದ್ದಲ್ಲಿ ಮಹಿಳೆಯರು, ಚಿಕ್ಕಮಕ್ಕಳೊಂದಿಗೆ ಬರುವವರು, ಮಧುಮೇಹಿಗಳು ಹೆಚ್ಚು ಹೊತ್ತು ಉಳಿಯಲಾರರು. ನಿರ್ವಹಣೆಯ ಗುತ್ತಿಗೆಯಲ್ಲಿ ಶೌಚಾಲಯದ ಸ್ವಚ್ಛತೆಯನ್ನೂ ಸೇರಿಸದಿದ್ದರೆ ಕಟ್ಟಿದ್ದು ಬೀಗ ಬೀಳುವುದು ನಿಶ್ಚಿತ.

ಊ) ಬೆಳಕು ಮತ್ತು ನೋಟ: ಎತ್ತರದ ಕಾಂಪೌಂಡ್ ಗೋಡೆಗಿಂತ ಬೀದಿಗೆ ಕಾಣುವಂತಹ ಜಾಲರಿ ಬೇಲಿ ಹೆಚ್ಚು ಸುರಕ್ಷಿತ. ದೀಪಗಳು ಗೇಟಿನ ಬಳಿಗಷ್ಟೇ ಸೀಮಿತವಾಗದೆ ನಡಿಗೆ ಪಥದ ಉದ್ದಕ್ಕೂ ಇರಬೇಕು.

ಋ) ಸಮಯ: ಬೆಂಗಳೂರಿನಲ್ಲಿ ಹಲವು ಉದ್ಯಾನಗಳು ಮಧ್ಯಾಹ್ನದ ಹೊತ್ತು ಮುಚ್ಚಿರುತ್ತಿದ್ದವು. 2024ರಲ್ಲಿ ಪಾಲಿಕೆಯ ಉದ್ಯಾನಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಸೂಚಿಸಲಾಯಿತು. ಪೌರಕಾರ್ಮಿಕರು, ಮನೆಕೆಲಸದವರು, ಸರಕು ತಲುಪಿಸುವ ಹುಡುಗರು ನೆರಳಿಗಾಗಿ ಹುಡುಕುವುದು ಮಧ್ಯಾಹ್ನದಲ್ಲಿಯೇ ಎಂಬುದನ್ನು ಎಲ್ಲ ನಗರಗಳ ಕ್ಷೇಮಾಭಿವೃದ್ಧಿ ಸಂಘಗಳೂ ಗಮನಿಸಬೇಕು.

6. ನೀರು, ಮಣ್ಣು ಮತ್ತು ಮರ

ಉದ್ಯಾನದ ನಿರ್ಮಾಣ ವೆಚ್ಚ ಒಂದು ಬಾರಿಯದು; ನಿರ್ವಹಣಾ ವೆಚ್ಚ ಪ್ರತಿವರ್ಷದ್ದು. ಉದಾಹರಣೆಗೆ, ಒಂದು ಎಕರೆ ಹುಲ್ಲುಹಾಸಿಗೆ ದಿನಕ್ಕೆ 4 ಮಿ.ಮೀ. ನೀರುಣಿಸಿದರೆ ಸುಮಾರು 16,000 ಲೀಟರ್ ಬೇಕಾಗುತ್ತದೆ. ನಗರ ನೀರು ಪೂರೈಕೆಯಲ್ಲಿ ಲೆಕ್ಕಕ್ಕೆ ಹಿಡಿಯುವ ತಲಾ 135 ಲೀಟರಿನಂತೆ ಇದು 118 ಜನರ ಒಂದು ದಿನದ ನೀರು. ಬರಗಾಲ ಬಂದಾಗ ಮೊದಲು ನಿಲ್ಲುವುದು ಈ ನೀರೇ. 2024ರ ಮಾರ್ಚ್ ತಿಂಗಳಿನಲ್ಲಿ ನೀರಿನ ಅಭಾವದಿಂದಾಗಿ ಬೆಂಗಳೂರು ಜಲಮಂಡಳಿಯು ತೋಟಗಾರಿಕೆಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿತು.

ಇನ್ನೊಂದೆಡೆ, ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆಯನ್ನು ಸುಮಾರು 970 ಮಿ.ಮೀ. ಎಂದು ಹಿಡಿದರೆ ಅದೇ ಒಂದು ಎಕರೆಯ ಮೇಲೆ ವರ್ಷಕ್ಕೆ ಸುಮಾರು 39 ಲಕ್ಷ ಲೀಟರ್ ನೀರು ಸುರಿಯುತ್ತದೆ. ಕಾಂಕ್ರೀಟ್ ಹಾಸಿದ ಉದ್ಯಾನದಿಂದ ಇದು ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ ಹರಿದು ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಮಣ್ಣು ತೆರೆದಿದ್ದರೆ ಬಹುಪಾಲು ನೀರು ಅಲ್ಲಿಯೇ ಇಂಗಬಲ್ಲದು. ಕಬ್ಬನ್ ಪಾರ್ಕಿನಲ್ಲಿ ಹಳೆಯ ತೆರೆದ ಬಾವಿಗಳ ಹೂಳೆತ್ತಿ, ಹೊಸ ಇಂಗುಬಾವಿಗಳನ್ನು ತೋಡಲಾಗಿದೆ. ಬಾವಿ ತೋಡುವುದೇ ಕುಲಕಸುಬಾಗಿರುವ ಮಣ್ಣುವಡ್ಡರು ಈ ಕೆಲಸವನ್ನು ಮಾಡಿದ್ದಾರೆ. ಅಲ್ಲಿ ತ್ಯಾಜ್ಯನೀರು ಶುದ್ಧೀಕರಿಸಿ ಗಿಡಗಳಿಗೆ ಉಣಿಸುವ ವ್ಯವಸ್ಥೆಯೂ ಇದೆ.

ಆದ್ದರಿಂದ ವಿನ್ಯಾಸದಲ್ಲಿ ಕೆಳಕಂಡ ಕ್ರಮಗಳಿಗೆ ಆದ್ಯತೆ ನೀಡುವುದು ಸೂಕ್ತ:

- ಉದ್ಯಾನದ ನೆಲವನ್ನು ರಸ್ತೆಗಿಂತ ಎತ್ತರಿಸದೆ, ಮಳೆನೀರು ನಿಂತು ಇಂಗುವ ತಗ್ಗುಗಳನ್ನು ಉಳಿಸುವುದು.
- ಹುಲ್ಲುಹಾಸನ್ನು ಮಕ್ಕಳು ಆಡುವ ಜಾಗಕ್ಕೆ ಸೀಮಿತಗೊಳಿಸುವುದು.
- ಹೊಂಗೆ, ಬೇವು, ನೇರಳೆ, ಅತ್ತಿ, ಬಸರಿ, ಹಲಸು ಮುಂತಾದ ನಾಡಿನ ಮರಗಳನ್ನು ನೆಡುವುದು. ಬೇರೂರಿದ ಬಳಿಕ ಇವುಗಳಿಗೆ ನೀರುಣಿಸುವ ಅಗತ್ಯ ಕಡಿಮೆ.
- ಮರದ ಬುಡಕ್ಕೆ ಸಿಮೆಂಟ್ ಮೆತ್ತದೆ ಕನಿಷ್ಠ ಒಂದು ಮೀಟರ್ ಸುತ್ತಲೂ ಮಣ್ಣು ಬಿಡುವುದು.
- ತರಗೆಲೆಗಳನ್ನು ಸುಡದೆ ಅಲ್ಲಿಯೇ ಗೊಬ್ಬರ ಮಾಡುವುದು.

ಇರುವ ಮರವನ್ನು ಕಡಿಯಬೇಕೆಂದು ವಿನ್ಯಾಸದಲ್ಲಿ ತೋರಿಸಿದ್ದಲ್ಲಿ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಂತೆ ವೃಕ್ಷಾಧಿಕಾರಿಯವರ ಅನುಮತಿ ಪಡೆಯಲಾಗಿದೆಯೇ ಎಂದು ಕೇಳಬಹುದು.

7. ಮನವಿ ಸಲ್ಲಿಸುವ ವಿಧಾನ

(1) ಮೊದಲು ಜಾಗದ ಸ್ವರೂಪವನ್ನು ಖಚಿತಪಡಿಸಿಕೊಳ್ಳಬೇಕು. ಅನುಮೋದಿತ ಬಡಾವಣೆ ನಕ್ಷೆ, ಮಹಾಯೋಜನೆ ಹಾಗೂ ಸ್ಥಳೀಯ ಸಂಸ್ಥೆಯ ಉದ್ಯಾನಗಳ ಪಟ್ಟಿ ಇದಕ್ಕೆ ಆಧಾರ.

(2) ದಾಖಲೆ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನಗಳ ಅವಧಿ ಇದೆ.

(3) ಮನವಿಯನ್ನು ಸಂಬಂಧಪಟ್ಟ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಗೆ ಸಲ್ಲಿಸಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳಿದ್ದು, ತಮ್ಮ ಪ್ರದೇಶವು ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ವಾರ್ಡ್ ಸಮಿತಿ ರಚನೆಯಾಗಿರುವ ಕಡೆ ಅದರ ಸಭೆಯಲ್ಲಿಯೂ ವಿಷಯ ಮಂಡಿಸಬಹುದು.

(4) ಮನವಿಯಲ್ಲಿ ಉದ್ಯಾನದ ಹೆಸರು, ವಾರ್ಡ್, ಸರ್ವೆ ನಂಬರ್ ಅಥವಾ ಬಡಾವಣೆಯ ವಿವರ, ಕೋರಿಕೆ, ಛಾಯಾಚಿತ್ರ ಇರಲಿ. "ಉದ್ಯಾನ ಅಭಿವೃದ್ಧಿಪಡಿಸಿ" ಎಂಬ ಕೋರಿಕೆಗಿಂತ "ಪೂರ್ವದ ಗೇಟಿಗೆ ರ‍್ಯಾಂಪ್ ಹಾಗೂ ಮೂರು ಬೆಂಚು ಒದಗಿಸಿ" ಎಂಬ ಕೋರಿಕೆಗೆ ಅಂದಾಜುಪಟ್ಟಿ ತಯಾರಿಸುವುದು ಸುಲಭ. ಸ್ವೀಕೃತಿಯನ್ನು ತಪ್ಪದೆ ಪಡೆಯಿರಿ.

(5) ಸಹಿ ಹಾಕಿಸುವಾಗ ನಿವೇಶನದಾರರಲ್ಲದೆ ಬಾಡಿಗೆದಾರರು, ಹಿರಿಯರು, ವಿಕಲಚೇತನರು ಹಾಗೂ ಸುತ್ತಲಿನ ಕೆಲಸಗಾರರ ಅಭಿಪ್ರಾಯವನ್ನೂ ಪಡೆಯುವುದು ಸೂಕ್ತ. ಸಭೆಗೆ ಬರಲಾಗದವರ ಅಗತ್ಯಗಳೇ ಸಾಮಾನ್ಯವಾಗಿ ನಕ್ಷೆಯಿಂದ ಬಿಟ್ಟುಹೋಗುತ್ತವೆ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಾಡಿಗೆಗಿರುವವರು ಮನವಿ ಸಲ್ಲಿಸಬಹುದೇ?
ಉತ್ತರ: ಸಲ್ಲಿಸಬಹುದು. ಆಸ್ತಿಯ ಒಡೆತನ ಅಗತ್ಯವಿಲ್ಲ.

ಪ್ರಶ್ನೆ: ಉದ್ಯಾನದ ನಿರ್ವಹಣೆಯನ್ನು ಸಂಘವು ವಹಿಸಿಕೊಂಡಿದ್ದರೆ ಹೊರಗಿನವರನ್ನು ತಡೆಯಬಹುದೇ?
ಉತ್ತರ: ನಿರ್ವಹಣೆ ವಹಿಸಿಕೊಂಡ ಮಾತ್ರಕ್ಕೆ ಒಡೆತನ ಬರುವುದಿಲ್ಲ. ಸಾರ್ವಜನಿಕ ಉದ್ಯಾನವು ಎಲ್ಲರಿಗೂ ತೆರೆದಿರತಕ್ಕದ್ದು.

ಪ್ರಶ್ನೆ: ಉದ್ಯಾನದ ಜಾಗದಲ್ಲಿ ಕಟ್ಟಡ ಏಳುತ್ತಿರುವುದು ಕಂಡುಬಂದರೆ?
ಉತ್ತರ: ದಿನಾಂಕ ಸಹಿತ ಛಾಯಾಚಿತ್ರದೊಂದಿಗೆ ಸ್ಥಳೀಯ ಸಂಸ್ಥೆಯ ಆಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ ಹಾಗೂ ಯೋಜನಾ ಪ್ರಾಧಿಕಾರಕ್ಕೆ ಕೂಡಲೇ ಲಿಖಿತ ದೂರು ನೀಡುವುದು. ತಳಪಾಯದ ಹಂತದಲ್ಲಿ ಬಂದ ದೂರಿನ ಮೇಲೆ ಕ್ರಮ ಜರುಗಿಸುವುದು ಸುಲಭ.

9. ಮುಕ್ತಾಯ

ಒಮ್ಮೆ ಕಳೆದುಹೋದ ಉದ್ಯಾನದ ಜಾಗವನ್ನು ಬೆಳೆದ ನಗರದೊಳಗೆ ಮತ್ತೆ ಪಡೆಯುವುದು ದುಸ್ಸಾಧ್ಯ. ಇರುವ ಜಾಗದಲ್ಲಿಯೂ ಒಂದು ಗೇಟಿನ ಅಗಲ ಹಾಗೂ ಒಂದು ಮರದ ನೆರಳು ಎಷ್ಟೋ ಮಂದಿಗೆ ಮನೆಯಿಂದ ಹೊರಬರುವ ದಾರಿಯಾಗಬಲ್ಲವು. ಈ ಮಾಹಿತಿಯು ತಿಳಿವಳಿಕೆಗಾಗಿ ಮಾತ್ರವಾಗಿದ್ದು, ಕಾನೂನಿನ ವಿಷಯದಲ್ಲಿ ಆಯಾ ಅಧಿನಿಯಮ ಹಾಗೂ ನಿಯಮಗಳ ಮೂಲ ಪಾಠವೇ ಅಂತಿಮ. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.